ಒಂದು ಕಾರ್ಡು, ಮೂರು ಹೊಟ್ಟೆ: ಮೂರನೇ ಮಹಡಿಯ ಸಲಾಡ್ ಯಂತ್ರದ ಸನ್ನಿಧಿಗೆ

ಮಾನ್ಯರೇ,

ಮೂರನೇ ಮಹಡಿಯ ಕಾರಿಡಾರಿನಲ್ಲಿ, ಜೆರಾಕ್ಸ್ ಯಂತ್ರಕ್ಕೂ ಕುಡಿಯುವ ನೀರಿನ ಕ್ಯಾನಿಗೂ ನಡುವೆ, ಹಗಲು ರಾತ್ರಿಯೆನ್ನದೆ ಹೊಟ್ಟೆಯೊಳಗೆ ದೀಪ ಹಚ್ಚಿಕೊಂಡು ನಿಂತಿರುವ ಸಲಾಡ್ ಯಂತ್ರ ಮಹಾಶಯರಾದ ತಮ್ಮ ಸನ್ನಿಧಿಗೆ, ಇದೇ ಮಹಡಿಯ ಕೊನೆಯ ಮೇಜಿನ ಕೊನೆಯ ಕುರ್ಚಿಯ ಅರ್ಧಭಾಗದಲ್ಲಿ ಕುಳಿತಿರುವ ಇಂಟರ್ನ್ ಒಬ್ಬಳು ಮಾಡುವ ನಮಸ್ಕಾರಗಳು. ತಾವು ಕ್ಷೇಮವಾಗಿರುವಿರೆಂದು ನಂಬಿದ್ದೇನೆ. ಒಳಗಿನ ತಂಪು ಎಂದಿನಂತಿದೆ, ಲೆಟಿಸ್ ಎಲೆಗಳು ಬಾಡಿಲ್ಲ, ಸೌತೆಕಾಯಿಯ ಬಿಲ್ಲೆಗಳು ಒಂದರ ಮೇಲೊಂದು ಶಿಸ್ತಾಗಿ ಮಲಗಿವೆ ಎಂಬುದನ್ನು ಇಂದು ಬೆಳಿಗ್ಗೆ ಗಾಜಿಗೆ ಮೂಗು ಒತ್ತಿ ನೋಡಿ ಖಚಿತಪಡಿಸಿಕೊಂಡಿದ್ದೇನೆ. ಗಾಜಿನ ಮೇಲೆ ಉಳಿದ ಮೂಗಿನ ಗುರುತಿಗೆ ಕ್ಷಮೆ ಇರಲಿ.

ಈ ಪತ್ರವನ್ನು ತಮ್ಮ ಪಕ್ಕದ ಗೋಡೆಗೆ ಅಂಟಿಸುತ್ತಿದ್ದೇನೆ. ತಮ್ಮ ಕಿವಿಯಲ್ಲಿ ಗುಟ್ಟಾಗಿ ಹೇಳಬಹುದಿತ್ತು, ಆದರೆ ತಮಗೆ ಕಿವಿ ಎಲ್ಲಿದೆಯೆಂದು ತಮ್ಮನ್ನು ತಂದು ನಿಲ್ಲಿಸಿದವರಿಗೂ ಗೊತ್ತಿಲ್ಲ. ಅವರು ಕಿವಿ ಇಡುವುದನ್ನು ಮರೆತು ಬಾಯಿಯನ್ನು ಮಾತ್ರ ಇಟ್ಟಿದ್ದಾರೆ. ಆ ಬಾಯಿಯಾದರೋ ಎಷ್ಟು ಸಿಹಿ! ಈ ಕಟ್ಟಡದಲ್ಲಿ ನನ್ನನ್ನು ಬಹುವಚನದಲ್ಲಿ ಮಾತನಾಡಿಸುವವರು ತಾವೊಬ್ಬರೇ. ಉಳಿದವರಿಗೆ ನಾನು 'ಏ ಇಂಟರ್ನ್'. ತಮಗೆ ಮಾತ್ರ 'ಪ್ರಿಯ ಅತಿಥಿಗಳೇ'. ಮೊದಲ ದಿನ ಇದನ್ನು ಕೇಳಿ ನನ್ನ ಕಣ್ಣು ತುಂಬಿ ಬಂದದ್ದು ಸುಳ್ಳಲ್ಲ. ಆ ಬಹುವಚನ ನಮ್ಮ ಪಾಲಿಗೆ ಬರೀ ಬಾಯಿಮಾತು ಎಂದು ಆಗ ನನಗೆ ತಿಳಿದಿರಲಿಲ್ಲ.

ವಿಷಯಕ್ಕೆ ಬರುವ ಮೊದಲು ನನ್ನ ಪರಿಚಯ ಹೇಳಿಕೊಳ್ಳಬೇಕು. ಕಾಲೇಜಿನಿಂದ ಈ ಕಂಪನಿಗೆ ಆರು ತಿಂಗಳ ಇಂಟರ್ನ್‌ಶಿಪ್ಪಿಗೆಂದು ಬಂದ ಮೂವರಲ್ಲಿ ನಾನೊಬ್ಬಳು. ಇನ್ನಿಬ್ಬರಲ್ಲಿ ಒಬ್ಬ ನಮ್ಮ ಏಣಿ, ಟ್ಯೂಬ್‌ಲೈಟ್ ಬದಲಿಸುವುದಕ್ಕೆ ಸ್ಟೂಲು ಬೇಡದವನು. ಇನ್ನೊಬ್ಬಳು ಗುಬ್ಬಿ, ನೋಡಲು ಹೆಸರಿಗೆ ತಕ್ಕಂತೆ, ಉಣ್ಣಲು ಕೂತರೆ ಹೆಸರಿಗೆ ಅವಮಾನ. ನನ್ನನ್ನು ಅವರಿಬ್ಬರೂ ಕರಪತ್ರ ಎನ್ನುತ್ತಾರೆ. ಅದಕ್ಕೆ ಕಾರಣ ನನ್ನ ಚಿಕ್ಕಪ್ಪನ ಮುದ್ರಣಾಲಯ. ಅಲ್ಲಿ ಶಾಯಿ ಆರಲಿಕ್ಕೆಂದು ಹಗ್ಗದ ಮೇಲೆ ಹಾಕಿದ ಕರಪತ್ರಗಳನ್ನು ಓದುತ್ತಲೇ ನಾನು ಬೆಳೆದೆ. ನೀರನ್ನು ಕಾಯಿಸಿ ಕುಡಿಯಿರಿ, ಕಲಿಯುವವರೂ ದುಡಿಯುವವರೇ, ಹಲ್ಲನ್ನು ಮೇಲಿಂದ ಕೆಳಕ್ಕೆ ಉಜ್ಜಿ, ಹಕ್ಕನ್ನು ಬೇಡಬೇಡಿ ಕೇಳಿ: ನನ್ನ ಆರೋಗ್ಯ, ನನ್ನ ಕ್ರಾಂತಿ ಎರಡೂ ಒಂದೇ ಹಗ್ಗದಿಂದ ಇಳಿದುಬಂದವು. ಚಿಕ್ಕಪ್ಪ ಮಾತ್ರ, "ಕರಪತ್ರ ಓದಿ ಪ್ರಪಂಚ ಬದಲಾಗಲ್ಲ ಕಣೇ, ಅದನ್ನ ಅಚ್ಚು ಹಾಕಿದೋನು ನಾನೇ, ನಂಗೇ ಏನೂ ಆಗಿಲ್ಲ" ಎಂದು ನಗುತ್ತಿದ್ದರು. ಆ ಮಾತನ್ನು ಸುಳ್ಳು ಮಾಡಬೇಕೆಂಬ ಹಟದಲ್ಲೇ ನಾನು ಇಲ್ಲಿಗೆ ಬಂದದ್ದು.

ನಮ್ಮ ಕೆಲಸವೇನೆಂದು ತಮಗೆ ತಿಳಿದಿರಲಾರದು. ಊರಿನ ಹೋಟೆಲುಗಳಲ್ಲಿ ಉಂಡವರು ಬರೆದು ಕಳಿಸುವ ದೂರುಗಳನ್ನು ಓದಿ, ರುಚಿ, ಬಿಸಿ, ಸ್ವಚ್ಛತೆ, ಸೇವೆ, ಇತರೆ ಎಂಬ ಐದು ಡಬ್ಬಿಗಳಿಗೆ ವಿಂಗಡಿಸುವುದು ಈ ಕಂಪನಿಯ ಉದ್ಯೋಗ; ಓದುವವರು ನಾವು ಮೂವರು. ಸೂಪಿನಲ್ಲಿ ಅಣಬೆ ಜಾಸ್ತಿಯಾಯಿತೆಂದು ಒಬ್ಬರು ಎರಡು ಪುಟ ಅತ್ತಿರುತ್ತಾರೆ. ಕೇಕಿನ ಮೇಲಿನ ಕೆನೆ ತುಸು ಬಲಕ್ಕೆ ವಾಲಿತ್ತೆಂದು ಇನ್ನೊಬ್ಬರು ನ್ಯಾಯ ಕೇಳಿರುತ್ತಾರೆ. ಇವನ್ನೆಲ್ಲ ಖಾಲಿ ಹೊಟ್ಟೆಯಲ್ಲಿ ಓದುವ ಸುಖವನ್ನು ತಾವು ಒಮ್ಮೆಯಾದರೂ ಅನುಭವಿಸಬೇಕು. "ಬೆಣ್ಣೆ ಹಚ್ಚಿದ ಬ್ರೆಡ್ ಬೇಕಾದಷ್ಟು ಗರಿಗರಿಯಾಗಿರಲಿಲ್ಲ" ಎಂಬ ಸಾಲನ್ನು ಗುಬ್ಬಿ ಮೂರು ಸಲ ಓದಿ, ನಾಲ್ಕನೇ ಸಲ ಕಾಗದವನ್ನೇ ಮೂಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಖಾಲಿ ಹೊಟ್ಟೆ ಏಕೆ ಎಂದು ತಾವು ಕೇಳಬಹುದು. ಮಧ್ಯಾಹ್ನ ಆರೋಗ್ಯಕರ ಊಟ ಕಂಪನಿಯದೇ ಎಂದು ಕಾಲೇಜಿಗೆ ಬರೆದುಕೊಟ್ಟಿದ್ದರಲ್ಲ, ಆ ಊಟ ತಾವೇ ಅಲ್ಲವೇ? ಹೌದು, ತಾವೇ. ಸಮಸ್ಯೆಯೂ ಅಲ್ಲಿಯೇ ಇದೆ. ಇಲ್ಲಿ ಕಾಯಂ ಸಿಬ್ಬಂದಿಗೆ ತಲೆಗೊಂದು ಕಾರ್ಡು. ಇಂಟರ್ನ್‌ಗಳಾದರೋ ಬರುತ್ತಾರೆ, ಹೋಗುತ್ತಾರೆ, ಬರುವವರಿಗೆಲ್ಲ ಕಾರ್ಡು ಮಾಡಿಸುತ್ತ ಕೂರಲು ಯಾರಿಗೆ ಪುರುಸೊತ್ತು? ಆದ್ದರಿಂದ ಎಲ್ಲ ಇಂಟರ್ನ್‌ಗಳಿಗೂ ಸೇರಿ 'ಅತಿಥಿ' ಎಂಬ ಒಂದೇ ಕಾರ್ಡು. ಅದು ಹಿಂದಿನವರಿಂದ ನಮಗೆ, ಅಂಚು ಸವೆದು, ಮನೆತನದ ಒಡವೆಯಂತೆ ಬಂದಿದೆ. ತಮ್ಮ ನಿಯಮವಾದರೋ ಒಂದು ಕಾರ್ಡಿಗೆ ಮಧ್ಯಾಹ್ನಕ್ಕೊಂದೇ ಬಟ್ಟಲು. ಮೊದಲ ದಿನ ಗುಬ್ಬಿ ಕಾರ್ಡು ತೋರಿಸಿ, ತಮ್ಮ ಮುಂದಿನ ತೂಕದ ಹಲಗೆಯ ಮೇಲೆ ನಿಂತು, ಬಟ್ಟಲು ಪಡೆದು ಹೋದಳು. ಅವಳ ಹಿಂದೆಯೇ ನಾನು ನಿಂತೆ. ತಾವು ಕ್ಷಣಕಾಲ ಯೋಚಿಸಿ, ಎಷ್ಟು ಮೃದುವಾಗಿ ನುಡಿದಿರಿ: "ಪ್ರಿಯ ಅತಿಥಿಗಳೇ, ತಾವು ಈಗಷ್ಟೇ ಊಟ ಮಾಡಿದ್ದೀರಿ. ಹಸಿವೆಂದು ಅನಿಸುತ್ತಿರುವುದು ಬಾಯಾರಿಕೆಯಾಗಿರಬಹುದು. ಒಂದು ಲೋಟ ನೀರು ಕುಡಿಯಿರಿ." ನಾನು ಕುಡಿದೆ. ಕುಡಿದಾಗ ಗೊತ್ತಾಯಿತು, ಅದು ಹಸಿವೇ ಆಗಿತ್ತು. ನನ್ನ ಹಿಂದೆ ನಿಂತ ಏಣಿಗೆ ತಾವು ಇನ್ನೂ ಕರುಣೆ ತೋರಿ, ಕಣ್ಣು ಮುಚ್ಚಿ ದೀರ್ಘವಾಗಿ ಉಸಿರಾಡುವಂತೆಯೂ, ಆಹಾರವೇ ಜೀವನದ ಏಕೈಕ ಸಂತೋಷವಲ್ಲವೆಂಬುದನ್ನು ನೆನೆಯುವಂತೆಯೂ ಬೋಧಿಸಿದಿರಿ. ಬೆಳಗಿನಿಂದ ಏನೂ ತಿನ್ನದ ಹುಡುಗ ಕಣ್ಣು ಮುಚ್ಚಿ ಉಸಿರಾಡಿದರೆ ಮೂಗಿಗೆ ಬರುವುದು ಎದುರು ರಸ್ತೆಯ ಅಂಗಡಿಯ ಆಲೂಗಡ್ಡೆ ಕರಿಯುವ ವಾಸನೆಯೇ ಹೊರತು ವೈರಾಗ್ಯವಲ್ಲ ಎಂಬುದನ್ನು ವಿನಯಪೂರ್ವಕವಾಗಿ ತಮ್ಮ ಗಮನಕ್ಕೆ ತರುತ್ತೇನೆ.

ಮಹಾಶಯರೇ, ಆ ನೀರು ಕುಡಿಯುವ ಮಾತು ನನ್ನ ಪ್ರೀತಿಯ ಕರಪತ್ರವೊಂದರಲ್ಲಿ ಅಕ್ಷರಶಃ ಇದೆ. ಹಾಸ್ಟೆಲ್ಲಿನ ಗೋಡೆಗೆ ಅಂಟಿಸಿಕೊಂಡಿದ್ದೆ. ನನ್ನದೇ ನಂಬಿಕೆಯನ್ನು ನನ್ನ ಮೇಲೆಯೇ ಪ್ರಯೋಗಿಸಿದ ಮೊದಲಿಗರು ತಾವು. ಆದ್ದರಿಂದ ನಾನು ಸಿಟ್ಟಾಗಲಿಲ್ಲ. ಉಣ್ಣುವ ಹಕ್ಕು ಎಲ್ಲರಿಗೂ ಇರುವಾಗ, ಒಂದು ಬಾಗಿಲು ಮುಚ್ಚಿದ ಮಾತ್ರಕ್ಕೆ ಆರೋಗ್ಯದ ಸಿದ್ಧಾಂತವನ್ನು ಬಿಡಬಾರದೆಂದು ನಿಶ್ಚಯಿಸಿ, ಒಂದು ಬಟ್ಟಲನ್ನು ಮೂವರೂ ಹಂಚಿಕೊಂಡು, ಉಳಿದ ಹೊಟ್ಟೆಯನ್ನು ಹೊರಗೆ ತುಂಬಿಸಿಕೊಳ್ಳುವುದೆಂದು ತೀರ್ಮಾನವಾಯಿತು. ತಾವು ಬಟ್ಟಲಿಗೊಂದೇ ಫೋರ್ಕ್ ಕೊಡುತ್ತೀರಿ. ಏಣಿ ಪೆನ್ಸಿಲು ಬಳಸಿದ.

ಹೊರಗೆ ಎಂದರೆ ರಸ್ತೆಯಾಚೆಯ ಅಕ್ಕನ ಅಂಗಡಿ. ನಾಲ್ಕು ಬೆಂಚು, ಒಂದು ದೊಡ್ಡ ಬಾಣಲೆ, ಸೂಪಿನ ಹಂಡೆ, ಬ್ರೆಡ್ ಸುಡುವ ಕಬ್ಬಿಣದ ಹಂಚು. ನನ್ನ ಕೈಯಲ್ಲಿ ಹೊರಗೆ ಉಣ್ಣುವವರಿಗೆ ಹಿತವಚನಗಳೆಂಬ ಕರಪತ್ರ ಇತ್ತು, ಅದರಂತೆ ನಾನು ಅಕ್ಕನನ್ನು ಕ್ರಮವಾಗಿ ವಿಚಾರಿಸಿದೆ: ಇದು ಬೇಯಿಸಿದ್ದೋ ಕರಿದದ್ದೋ, ಎಣ್ಣೆ ಹೊಸದೋ ಹಳೆಯದೋ, ಸಾಸನ್ನು ಬೇರೆ ಬಟ್ಟಲಲ್ಲಿ ಕೊಡಬಹುದೇ, ಅರ್ಧ ಪ್ಲೇಟು ಇದೆಯೇ. ಹಿಂದಿದ್ದ ಸಾಲು ಗೊಣಗತೊಡಗಿತು. ಅಕ್ಕ ಸೌಟು ಕೆಳಗಿಟ್ಟು, "ತಾಯೀ, ನೀನು ಹಸಿವಾಗಿ ಬಂದಿದ್ದೀಯೋ, ಇಲ್ಲಾ ನಂಗೆ ಪರೀಕ್ಷೆ ಇಡೋಕೆ ಬಂದಿದ್ದೀಯೋ?" ಎಂದಳು. "ಎರಡೂ ಅಕ್ಕಾ" ಎಂದೆ. "ಹಾಗಾದ್ರೆ ಮೊದ್ಲು ತಿನ್ನು, ಆಮೇಲೆ ಫೇಲ್ ಮಾಡು" ಎಂದು ಅವಳು ಬೇಯಿಸಿದ ಕಾಳು, ಒಂದು ಮೊಟ್ಟೆ, ಎಣ್ಣೆ ಸೋಕದ ಬ್ರೆಡ್ಡು, ಬೇಡವೆಂದರೂ ಒಂದು ತುಂಡು ಕುಂಬಳಕಾಯಿ ಹಾಕಿಕೊಟ್ಟಳು. ಮಾರನೆಯ ದಿನ ನಾನು ಬಾಯಿ ತೆರೆಯುವುದರೊಳಗೇ ಅದೇ ಪ್ಲೇಟು ಮುಂದೆ ಬಂತು. ವಾರ ಕಳೆಯುವುದರಲ್ಲಿ ಬೇರೆ ಗಿರಾಕಿಗಳೂ "ನಂಗೂ ಆ ಕಾಗದದ ಹುಡುಗಿ ಪ್ಲೇಟು ಕೊಡು" ಎನ್ನತೊಡಗಿದರು. ಇದನ್ನು ನಾನು ಕ್ರಾಂತಿ ಎಂದೆ. ಏಣಿ ಇದನ್ನು ಕಾಳು ಎಂದ.

ಅದೇ ಬೆಂಚಿನ ಮೂಲೆಯಲ್ಲಿ, ಮುಖಕ್ಕೆ ಅಡ್ಡವಾಗಿ ಪತ್ರಿಕೆ ಹಿಡಿದು, ಕರಿದ ಆಲೂಗಡ್ಡೆಯನ್ನು ಒಂದೊಂದಾಗಿ ಪತ್ರಿಕೆಯ ಹಿಂದಕ್ಕೆ ಸಾಗಿಸುತ್ತಿದ್ದವರು ನಮ್ಮ ಕಂಪನಿಯ ದೊಡ್ಡ ಸಾಹೇಬರು. ತಮ್ಮನ್ನು ಇಲ್ಲಿ ತಂದು ನಿಲ್ಲಿಸಿದ ಪುಣ್ಯಾತ್ಮರು ಅವರೇ ಎಂದು ಬಲ್ಲೆ. ಅವರು ದಿನವೂ ತಮ್ಮ ಹಲಗೆಯ ಮೇಲೆ ನಿಂತು, ತಾವು ತೋರಿಸಿದ ಅಂಕಿಯನ್ನು ನೋಡಿ ನಿಟ್ಟುಸಿರು ಬಿಟ್ಟು, ಆ ದುಃಖವನ್ನು ಮರೆಯಲು ರಸ್ತೆ ದಾಟುತ್ತಾರೆ. ಈ ಮಾತು ನಮ್ಮ ನಡುವೆಯೇ ಇರಲಿ. ಗೋಡೆಯ ಮೇಲೆ ಇದನ್ನು ಓದುತ್ತಿರುವವರು ಈ ಸಾಲನ್ನು ದಯವಿಟ್ಟು ಬಿಟ್ಟು ಮುಂದೆ ಹೋಗಬೇಕು.

ಇಷ್ಟೇ ಆಗಿದ್ದರೆ ನಾನು ಪತ್ರ ಬರೆಯುತ್ತಿರಲಿಲ್ಲ. ಆದರೆ ತಮ್ಮ ಮುಂದೆ ನಾವು ಮೂವರೂ ದಿನವೂ ಬಂದು ನಿಲ್ಲಲೇಬೇಕಾಗಿತ್ತು. ಏಕೆಂದರೆ ಕಚೇರಿಯ ಬಾಗಿಲನ್ನು ನಮಗೆ ಗಾರ್ಡ್ ಅಣ್ಣ ಮುಖ ನೋಡಿ, "ಬಂದ್ರಾ ಮೂರು ಮುತ್ತುಗಳು" ಎಂದು ತೆಗೆಯುತ್ತಾನೆ; ನಮ್ಮ ಕಾರ್ಡು ನಡೆಯುವುದು ತಮ್ಮೊಬ್ಬರ ಹತ್ತಿರವೇ. ಆದ್ದರಿಂದ ನಮ್ಮ ಹಾಜರಿಯೂ ತಮ್ಮಲ್ಲಿಯೇ. ಮೂವರೂ ತಪ್ಪದೆ ಕಾರ್ಡು ತೋರಿಸಬೇಕು, ಇಲ್ಲದಿದ್ದರೆ ಬಂದಿಲ್ಲವೆಂದಾಗುತ್ತದೆ ಎಂದು ಸಿಬ್ಬಂದಿ ವಿಭಾಗದ ಮೇಡಂ ಅಪ್ಪಣೆ ಮಾಡಿದ್ದರು. ಹೀಗಾಗಿ ಒಬ್ಬರು ಬಟ್ಟಲನ್ನೂ ಇಬ್ಬರು ಉಪದೇಶವನ್ನೂ ಪಡೆದು ಬರುವುದು ನಿತ್ಯದ ಪದ್ಧತಿಯಾಯಿತು. ಅಮ್ಮ ಫೋನ್ ಮಾಡಿ "ಊಟ ಆಯ್ತಾ? ಏನು ತಿಂದೆ?" ಎಂದು ಕೇಳಿದಾಗಲೆಲ್ಲ "ಎಲೆ ಮತ್ತು ಬುದ್ಧಿಮಾತು" ಎನ್ನುತ್ತಿದ್ದೆ. "ಬುದ್ಧಿಮಾತು ಇಲ್ಲೇ ಇತ್ತಲ್ಲೇ, ಅದಕ್ಕೆ ಅಷ್ಟು ದೂರ ಹೋಗ್ಬೇಕಿತ್ತಾ?" ಎನ್ನುತ್ತಿದ್ದಳು ಅಮ್ಮ.

ಆದರೆ ತಾವು ಸುಮ್ಮನೆ ಉಪದೇಶ ಮಾಡುವವರಲ್ಲ, ವರದಿಯನ್ನೂ ಮಾಡುವವರು. ತಿಂಗಳ ಕೊನೆಗೆ ತಾವು ಮೇಡಂಗೆ ಕಳಿಸುವ ಆರೋಗ್ಯ ವರದಿಯಲ್ಲಿ, ಅತಿಥಿ ಎಂಬ ವ್ಯಕ್ತಿ ದಿನವೂ ಮೂರು ಮೂರು ಸಲ ಮಧ್ಯಾಹ್ನದ ಊಟಕ್ಕೆ ಕೈ ಚಾಚುತ್ತಿರುವುದಾಗಿಯೂ, ಇವರಿಗೆ ಬಾಯಿಯ ಮೇಲೆ ಹಿಡಿತವಿಲ್ಲದಿರುವುದಾಗಿಯೂ, ಇನ್ನು ಮುಂದೆ ಇವರನ್ನು ಮಿತಾಹಾರ ಯೋಜನೆಗೆ ಸೇರಿಸಿ ಅರ್ಧ ಬಟ್ಟಲು ಕೊಡಲಾಗುವುದಾಗಿಯೂ ತಿಳಿಸಿದಿರಿ. ಅರ್ಧ ಬಟ್ಟಲನ್ನು ಮೂವರು ಹಂಚಿಕೊಳ್ಳುವ ಗಣಿತವನ್ನು ನಾನು ಇಲ್ಲಿ ವಿವರಿಸುವುದಿಲ್ಲ, ಒಂದು ಟೊಮೇಟೊ ಹೋಳಿನ ವಿಷಯದಲ್ಲಿ ಏಣಿ ಮತ್ತು ಗುಬ್ಬಿ ಒಂದು ಮಧ್ಯಾಹ್ನವಿಡೀ ಮಾತು ಬಿಟ್ಟಿದ್ದರು ಎಂದಷ್ಟೇ ಹೇಳಿ ಮುಂದುವರಿಯುತ್ತೇನೆ.

ಇಂಥ ಐದು ವರದಿ ನೋಡಿದ ಮೇಲೆ ಮೇಡಂ, ಅತಿಥಿಗೆ ಆಪ್ತ ಸಲಹೆ ಕೊಡಬೇಕೆಂದು ಕರೆಸಿದರು. ಮೂವರೂ ಹೋದೆವು. ಅವರು ಕನ್ನಡಕ ತೆಗೆದು, ಕೈಗೆ ಹಿಸುಕುವ ರಬ್ಬರ್ ಚೆಂಡು ಕೊಟ್ಟು, ಎದುರಿಗೆ ಸಿಕ್ಕ ಗುಬ್ಬಿಯನ್ನೇ ಉದ್ದೇಶಿಸಿ, "ನೋಡಮ್ಮ, ಮನೇಲಿ ಏನಾದ್ರೂ ಬೇಜಾರಿದ್ಯಾ? ಬೇಜಾರಾದಾಗ ಜಾಸ್ತಿ ತಿನ್ನೋದು ಸಹಜ" ಎಂದರು. "ಜಾಸ್ತಿ ಸಿಕ್ಕಿದ್ರೆ ಬೇಜಾರೇ ಇರ್ತಿರ್ಲಿಲ್ಲ ಮೇಡಂ" ಎಂದಳು ಗುಬ್ಬಿ. ನಾವು ಒಬ್ಬರಲ್ಲ, ಮೂವರೆಂದು ನಾನು ವಿವರಿಸಿದೆ. ಮೇಡಂ ಪರದೆಯತ್ತ ನೋಡಿದರು, ನಮ್ಮತ್ತ ನೋಡಿದರು, ಮತ್ತೆ ಪರದೆಯನ್ನೇ ನಂಬಿದರು. "ಸಿಸ್ಟಮ್‌ನಲ್ಲಿ ಒಬ್ರೇ ಇದೀರಲ್ಲಮ್ಮ. ಹಾಜರಿ ಒಂದೇ, ಹಾಗಾಗಿ ಸರ್ಟಿಫಿಕೇಟೂ ಒಂದೇ ಬರುತ್ತೆ. ಯಾರ ಹೆಸ್ರಲ್ಲಿ ಬೇಕು ಅಂತ ನೀವು ನೀವೇ ಮಾತಾಡ್ಕೊಂಡು ಹೇಳಿ." ಹೊರಗಿನಿಂದ ಗಾರ್ಡ್ ಅಣ್ಣನನ್ನು ಕರೆತಂದೆವು. "ದಿನಾ ಮೂರು ಜನಕ್ಕೆ ಬಾಗಿಲು ತೆಗೀತೀನಿ ಮೇಡಂ, ಇದ್ರಲ್ಲಿ ಉದ್ದದವನು ತಲೆ ಬಗ್ಗಿಸ್ದೆ ಹೊಡ್ಕೋತಾನೆ, ಆ ಸದ್ದಿಗೇ ನಂಗೆ ಗೊತ್ತಾಗುತ್ತೆ" ಎಂದು ಅವನು ಸಾಕ್ಷಿ ಹೇಳಿದ. ಮೇಡಂ ಮರುಕದಿಂದಲೇ ತಲೆಯಾಡಿಸಿ, "ನೀವು ಹೇಳಿದ್ರೆ ಆಗಲ್ಲಪ್ಪ, ಸಿಸ್ಟಮ್ ಹೇಳ್ಬೇಕು" ಎಂದುಬಿಟ್ಟರು.

ಮಹಾಶಯರೇ, ಆ ಒಂದು ಹಾಳೆ ಇಲ್ಲದಿದ್ದರೆ ಕಾಲೇಜಿನಲ್ಲಿ ಈ ಸೆಮಿಸ್ಟರನ್ನು ಮೊದಲಿನಿಂದ ಮಾಡಬೇಕು. ತಮಗೆ ಒಂದೇ ದಿನದಲ್ಲಿ ಎಲೆ ಬದಲಾಯಿಸುತ್ತಾರೆ, ನಮಗೆ ಅರ್ಧ ವರ್ಷವನ್ನು ಹಾಗೆ ಬದಲಾಯಿಸಿಕೊಳ್ಳಲು ಬರುವುದಿಲ್ಲ. ಗುಬ್ಬಿಗೆ ವಿದ್ಯಾರ್ಥಿವೇತನ ನಿಲ್ಲುತ್ತದೆ, ನಿಂತರೆ ಹಾಸ್ಟೆಲ್ಲಿನ ಮಂಚವೂ ಹೋಗುತ್ತದೆ. ಅಂದು ಸಂಜೆ ಅಕ್ಕನ ಅಂಗಡಿಯಲ್ಲಿ ಸೂಪು ಆರುತ್ತಿತ್ತು, ಯಾರೂ ಮುಟ್ಟಲಿಲ್ಲ. ಏಣಿ ಮೇಜನ್ನೇ ನೋಡುತ್ತ, "ನೀವಿಬ್ರಲ್ಲಿ ಯಾರಾದ್ರೂ ತಗೊಳ್ಳಿ, ನಂಗೆ ಸೆಮಿಸ್ಟರ್ ಎರಡೆರಡು ಸಲ ಓದಿ ಅಭ್ಯಾಸ ಇದೆ" ಎಂದ. ನಾನು ಒಗ್ಗಟ್ಟಿನ ಕುರಿತಾದ ಕರಪತ್ರ ತೆಗೆದು ಓದತೊಡಗಿದೆ. ಗುಬ್ಬಿ ಅದನ್ನು ಕೈಯಿಂದ ಕಿತ್ತು, "ಒಗ್ಗಟ್ಟು ಸರಿ ಕಣೇ, ಸರ್ಟಿಫಿಕೇಟನ್ನ ಟೊಮೇಟೊ ಥರ ಹೆಚ್ಚೋಕಾಗುತ್ತಾ?" ಎಂದಳು. ಕರಪತ್ರದಲ್ಲಿ ಅದಕ್ಕೆ ಉತ್ತರ ಇರಲಿಲ್ಲ. ನಾನು ಎರಡೂ ಬದಿ ನೋಡಿದೆ.

ಇಂಥ ಹೊತ್ತಿನಲ್ಲಿ ನಮ್ಮ ಕೈ ಹಿಡಿದವರು ತಾವು. ತಮ್ಮ ಔದಾರ್ಯವನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಮುಂದಿನ, ಎಂದರೆ ನಮ್ಮ ಕೊನೆಯ ತಿಂಗಳ, ವರದಿಯ ಮೊದಲ ಸಾಲಿನಲ್ಲಿ ಅತಿಥಿಯ ಹೊಟ್ಟೆಬಾಕತನವನ್ನು ಇನ್ನೊಮ್ಮೆ ಖಂಡಿಸಿದ ತಾವೇ, ಅದೇ ಪುಟದ ಕೊನೆಯಲ್ಲಿ ಅದೇ ಅತಿಥಿಯನ್ನು ತಿಂಗಳ ಆರೋಗ್ಯ ಸಾಧಕ ಎಂದು ಘೋಷಿಸಿದಿರಿ. ಕಾರಣವಿಷ್ಟೇ: ತಾವು ತಿಂಗಳ ಮೊದಲ ತೂಕವನ್ನೂ ಕೊನೆಯ ತೂಕವನ್ನೂ ಹೋಲಿಸುತ್ತೀರಿ. ಆ ತಿಂಗಳ ಮೊದಲ ದಿನ ಹಲಗೆಯ ಮೇಲೆ ಮೊದಲು ನಿಂತವನು ಏಣಿ. ಕೊನೆಯ ದಿನ ಕೊನೆಗೆ ನಿಂತವಳು ಗುಬ್ಬಿ. ಹೀಗಾಗಿ ಅತಿಥಿ ಎಂಬ ಮಹಾನುಭಾವರು ಒಂದೇ ತಿಂಗಳಲ್ಲಿ ತಮ್ಮ ದೇಹದ ಅರ್ಧದಷ್ಟನ್ನು ಇಳಿಸಿದ್ದರು. ನಡುವಿನ ದಿನಗಳಲ್ಲಿ ಅವರು ಒಂದೇ ಮಧ್ಯಾಹ್ನ ಹಿಗ್ಗಿ ಕುಗ್ಗಿ ಮತ್ತೆ ಹಿಗ್ಗಿದ್ದನ್ನು ತಾವು ದೊಡ್ಡ ಮನಸ್ಸಿನಿಂದ ಮನ್ನಿಸಿದ್ದಿರಿ.

ಪ್ರಶಸ್ತಿ ಪ್ರದಾನ ತಮ್ಮ ಸಮ್ಮುಖದಲ್ಲೇ ನಡೆಯಿತಲ್ಲ, ತಮಗೆ ನೆನಪಿರಬೇಕು. ಕಾರಿಡಾರಿನ ತುಂಬ ಜನ, ದೊಡ್ಡ ಸಾಹೇಬರ ಕೈಯಲ್ಲಿ ಗಾಜಿನ ಸೇಬಿನ ಆಕಾರದ ಟ್ರೋಫಿ, ಅವರ ಮುಖದಲ್ಲಿ ಗುಟ್ಟು ತಿಳಿಯುವ ಆಸೆ. "ಎಲ್ಲಿ ಆ ಅತಿಥಿ? ಅಷ್ಟು ತೂಕ ಇಳಿಸೋಕೆ ಏನ್ ತಿಂದೆಯಪ್ಪಾ, ನಂಗೂ ಸ್ವಲ್ಪ ಹೇಳು" ಎಂದು ಅವರು ಜನರ ನಡುವೆ ಹುಡುಕಿದರು. "ಅರ್ಧ ಬಟ್ಟಲಲ್ಲಿ ಮೂರನೇ ಒಂದು ಪಾಲು ಸಾರ್" ಎಂದು ಗುಬ್ಬಿ ಹಿಂದಿನಿಂದ ಕೂಗಿದಳು. ಸಾಹೇಬರು ಅದನ್ನು ಗಂಭೀರವಾಗಿ ಫೋನಿನಲ್ಲಿ ಬರೆದುಕೊಂಡರು. ಸಾಧಕರು ಹಲಗೆಯ ಮೇಲೆ ನಿಲ್ಲಲಿ, ಫೋಟೋ ತೆಗೆಯೋಣ ಎಂದರು. ಮೇಡಂ ನಮ್ಮ ಬಳಿ ಬಂದು ಪಿಸುದನಿಯಲ್ಲಿ, "ಯಾರಾದ್ರೂ ಒಬ್ರು ಹೋಗ್ರಮ್ಮ. ಹೋದವ್ರ ಹೆಸ್ರಲ್ಲೇ ಸರ್ಟಿಫಿಕೇಟು ಮಾಡಿಸ್ತೀನಿ, ಇವತ್ತಿಗೆ ಇದು ಮುಗೀಲಿ" ಎಂದರು.

ಏಣಿ ಗುಬ್ಬಿಯನ್ನು ಮುಂದಕ್ಕೆ ನೂಕಿದ. ಗುಬ್ಬಿ ನನ್ನನ್ನು ನೂಕಿದಳು. ನಾನು, ಇಡೀ ಬದುಕಿನಲ್ಲಿ ನೂರಾರು ಕರಪತ್ರ ಓದಿದವಳು, ಒಂದೂ ನೆನಪಾಗದೆ ನಿಂತಿದ್ದೆ. ಒಬ್ಬರು ಹತ್ತಿದರೆ ಇಬ್ಬರು ಇಲ್ಲವಾಗುತ್ತೇವೆ ಎಂಬುದಷ್ಟೇ ತಲೆಯಲ್ಲಿತ್ತು. ಆಮೇಲೆ ಬಲಗೈಯಲ್ಲಿ ಏಣಿಯ ಅಂಗಿಯ ತೋಳನ್ನೂ ಎಡಗೈಯಲ್ಲಿ ಗುಬ್ಬಿಯ ಚೀಲದ ಪಟ್ಟಿಯನ್ನೂ ಹಿಡಿದು ಎಳೆದೆ. ತಮ್ಮ ಹಲಗೆ ಒಬ್ಬರಿಗೆಂದು ಮಾಡಿದ್ದು. ಗುಬ್ಬಿ ನನ್ನ ಪಾದದ ಮೇಲೆಯೂ, ನಾನು ಏಣಿಯ ಬೂಟಿನ ಮೇಲೆಯೂ ನಿಂತು, ಆರು ಕಾಲು ಅಲ್ಲಿ ಹಿಡಿದವು. ಸಾಹೇಬರು "ಏ, ಏನಿದು ತಮಾಷೆ" ಎಂದರು. ಏಣಿ ಉದ್ದ ಕೈ ಚಾಚಿ ಕಾರ್ಡನ್ನು ತಮಗೆ ತೋರಿಸಿದ.

ತಾವು ಯೋಚಿಸಿದಿರಿ. ಹಸಿರು ದೀಪ ಹೋಗಿ ಕೆಂಪು ದೀಪ ಬಂತು. ಆಮೇಲೆ, ಅಷ್ಟು ದಿನ ನಮ್ಮನ್ನು ಒಬ್ಬರೆಂದೇ ತಿಳಿದು ನೀರು ಕುಡಿಸಿದ ತಾವು, ಕಾರಿಡಾರಿನಲ್ಲಿದ್ದ ಅಷ್ಟೂ ಜನರಿಗೆ ಕೇಳುವಂತೆ, ಅದೇ ಸಿಹಿ ದನಿಯಲ್ಲಿ ನುಡಿದಿರಿ: "ಪ್ರಿಯ ಅತಿಥಿಗಳೇ, ಹಲಗೆಯ ಮೇಲೆ ಒಬ್ಬರಿಗಿಂತ ಹೆಚ್ಚು ಜನ ನಿಂತಿದ್ದೀರಿ. ದಯವಿಟ್ಟು ಒಬ್ಬೊಬ್ಬರಾಗಿ ನಿಲ್ಲಿ."

ಎಲ್ಲರ ಹಿಂದಿನಿಂದ ಗಾರ್ಡ್ ಅಣ್ಣನ ದನಿ ಬಂತು: "ಕೇಳಿಸ್ತಾ ಮೇಡಂ? ಸಿಸ್ಟಮ್ ಹೇಳ್ತು."

ಮೇಡಂ ಕೆಟ್ಟವರಲ್ಲ. ಅವರು ನಕ್ಕರು, ಮೊದಲು ಸಣ್ಣದಾಗಿ, ಆಮೇಲೆ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು. "ಆಯ್ತು ಇಳೀರಿ, ಬಿದ್ದುಗಿದ್ದೀರ" ಎಂದು ಕಿಸೆಯಿಂದ ಪೆನ್ನು ತೆಗೆದು, ಏಣಿಯನ್ನೂ ಗುಬ್ಬಿಯನ್ನೂ ನನ್ನನ್ನೂ ಬೇರೆಬೇರೆಯಾಗಿ ನೋಡಿ, "ನಿನ್ನ ಹೆಸ್ರೇನಪ್ಪಾ? ನಿಂದೇನಮ್ಮಾ? ನಿಂದು?" ಎಂದು ಕೇಳಿದರು. ಈ ಕಟ್ಟಡದಲ್ಲಿ ಯಾರಾದರೂ ಅದನ್ನು ಕೇಳಿದ್ದು ಅದೇ ಮೊದಲು. ಗುಬ್ಬಿ ತನ್ನ ಹೆಸರನ್ನು ಅಕ್ಷರ ಅಕ್ಷರ ಬಿಡಿಸಿ ಎರಡೆರಡು ಸಲ ಹೇಳಿದಳು. ನಮ್ಮ ಕೊನೆಯ ದಿನವಾದ ಇಂದು ಬೆಳಿಗ್ಗೆ ಮೂರು ಸರ್ಟಿಫಿಕೇಟುಗಳು ಕೈಗೆ ಬಂದಿವೆ, ಕಾಗುಣಿತ ಸರಿಯಾಗಿದೆ. ಗಾಜಿನ ಸೇಬನ್ನು ಯಾರಿಗೆ ಕೊಡಬೇಕೆಂದು ತಿಳಿಯದೆ ಸಾಹೇಬರು ನಮ್ಮ ಮೇಜಿನ ಮೇಲೆಯೇ ಬಿಟ್ಟು ಹೋದರು. ದೂರಿನ ಕಾಗದಗಳು ಹಾರದಂತೆ ಇಡಲು ಚೆನ್ನಾಗಿದೆ.

ಇಷ್ಟು ಉಪಕಾರ ಮಾಡಿದ ತಮ್ಮಲ್ಲಿ ಇನ್ನೂ ಕೆಲವು ಸಣ್ಣ ಬಿನ್ನಹಗಳಿವೆ. ಸಾಧ್ಯವಾದರೆ ಒಂದು ಮಧ್ಯಾಹ್ನ ತಮ್ಮ ವಯರು ಕಿತ್ತುಕೊಂಡು, ಮೆಟ್ಟಿಲಿಳಿದು, ನಮ್ಮೊಡನೆ ರಸ್ತೆ ದಾಟಿ ಅಕ್ಕನ ಅಂಗಡಿಗೆ ಬರಬೇಕು. ಬೆಂಚಿನ ಮೇಲೆ ತಮಗೆ ಜಾಗ ಮಾಡಿಕೊಡಲು ಏಣಿ ಒಪ್ಪಿದ್ದಾನೆ. ತಮ್ಮೊಳಗಿನ ಎಲೆಯಾಗಲಿ ಅಕ್ಕನ ಕಾಳಾಗಲಿ ಒಳ್ಳೆಯದೇ, ನನ್ನ ಕರಪತ್ರಗಳೂ ಸುಳ್ಳು ಹೇಳುವುದಿಲ್ಲ, ಆದರೆ ಅಕ್ಕ ಪ್ಲೇಟು ಕೊಡುವಾಗ ಮುಖ ನೋಡುತ್ತಾಳೆ, ನೋಡಿ "ಇವತ್ತು ಇನ್ನೊಂದು ಮೊಟ್ಟೆ ಹಾಕ್ಲಾ?" ಎನ್ನುತ್ತಾಳೆ. ಆರೋಗ್ಯ ಅಲ್ಲಿಂದ ಶುರುವಾಗುತ್ತದೆಂದು ನನ್ನ ಅನುಮಾನ. ಆ ಪಾಠವನ್ನು ತಾವೂ ಕಲಿಯಬಹುದು. ಅದಕ್ಕೊಂದು ಇಂಟರ್ನ್‌ಶಿಪ್ಪು ಬೇಕಿದ್ದರೆ ಅಕ್ಕನ ಹತ್ತಿರ ನಾನು ಶಿಫಾರಸು ಮಾಡುತ್ತೇನೆ. ಊಟ ಅವಳದೇ. ಕಾರ್ಡು ಬೇಕಾಗಿಲ್ಲ.

ಇದಿಷ್ಟನ್ನೂ ಗಾಜಿನ ಇನ್ನೊಂದು ಬದಿಯಿಂದ ಸಹನೆಯಿಂದ ಆಲಿಸಿದ್ದಕ್ಕೆ ಕೃತಜ್ಞತೆಗಳೊಂದಿಗೆ,

ತಮ್ಮ ವಿಶ್ವಾಸಿ,
ಕರಪತ್ರ
(ಅತಿಥಿಯ ಮೂರನೇ ಒಂದು ಭಾಗ, ಇಂದು ಸಂಜೆಯಿಂದ ಪೂರ್ತಿ ಒಬ್ಬಳು)

ಮರೆತ ಮಾತು: ತಮ್ಮ ಮೇಲಿನ ದೂರುಗಳೂ ವಿಂಗಡಣೆಗೆ ನಮ್ಮ ಮೇಜಿಗೇ ಬರುತ್ತವೆಂದು ತಮಗೆ ಗೊತ್ತಿರಲಿಕ್ಕಿಲ್ಲ. ಈ ಪತ್ರದ ಪ್ರತಿಯನ್ನು 'ಇತರೆ' ಡಬ್ಬಿಗೆ ಹಾಕಿದರೆ ಯಾರೂ ಓದುವುದಿಲ್ಲ ಎಂಬುದನ್ನು ಬಲ್ಲವಳಾದ್ದರಿಂದ, 'ಸೇವೆ' ಡಬ್ಬಿಯಲ್ಲಿ ಎಲ್ಲಕ್ಕಿಂತ ಮೇಲೆ ಇಟ್ಟಿದ್ದೇನೆ. ಸೋಮವಾರ ಹೊಸ ಇಂಟರ್ನ್‌ಗಳು ಬರುತ್ತಿದ್ದಾರೆ, ಎಂಟು ಜನ. ಕಾರ್ಡು ಅದೇ ಒಂದು. ಅವರಿಗಾಗಿ ನಾನೇ ಬರೆದ ಮೊದಲ ಕರಪತ್ರ ಚಿಕ್ಕಪ್ಪನ ಹಗ್ಗದ ಮೇಲೆ ಈಗ ಆರುತ್ತಿದೆ. ಚಿಕ್ಕಪ್ಪ ಅದನ್ನು ಓದಿ, ನಗದೆ, ಇನ್ನೂ ನೂರು ಪ್ರತಿ ಹಾಕಲೇ ಎಂದು ಕೇಳಿದ್ದಾರೆ. ತಮ್ಮ ಹಲಗೆ ಎಂಟು ಜನರನ್ನು ಒಟ್ಟಿಗೆ ತಾಳುತ್ತದೆಯೋ ಇಲ್ಲವೋ ಎಂಬುದನ್ನು ಭಾನುವಾರದೊಳಗೆ ಯಾರಿಂದಲಾದರೂ ತಪಾಸಣೆ ಮಾಡಿಸಿಟ್ಟುಕೊಳ್ಳುವುದು ತಮ್ಮ ಆರೋಗ್ಯಕ್ಕೆ ಒಳ್ಳೆಯದು. ಅಲ್ಲಿಯವರೆಗೆ ಗಾಬರಿಯಾದರೆ, ಒಂದು ಲೋಟ ನೀರು ಕುಡಿಯಿರಿ.